ತಮ್ಮಂದಿರು ಎದ್ದು ಹೋಗುವ ಜಾಗ

ವವಾಊ, ಟೋಂಗಾ
ಮೇ 7, 2019

ಲತಾಯ್,

ನಿನ್ನ ಸೋದರತ್ತೆ ಅಕೋಸಿತಾ ಬರೆಯುತ್ತಿದ್ದೇನೆ. ನಾಲ್ಕು ವರ್ಷದ ಮೇಲೆ ನನ್ನ ಹೆಸರು ಕಂಡು ಗಾಬರಿ ಬೀಳಬೇಡ, ಇಲ್ಲಿ ಯಾರೂ ಸತ್ತಿಲ್ಲ. ನಿನ್ನ ಮದುವೆಯ ವಿಷಯವೂ ಅಲ್ಲ. ಆ ವಿಷಯದಲ್ಲಿ ಹೇಳಬೇಕಾದ್ದನ್ನು ಪಾದ್ರಿಯ ಕೈಲಿ ನಿನ್ನ ಅಪ್ಪನಿಗೆ ಹೇಳಿ ಕಳಿಸಿದ್ದೇನೆ. ಚಾಪೆ ಕಳಿಸುತ್ತೇನೆ, ಮರದ ತೊಗಟೆ ಬಡಿದು ಮಾಡಿದ ಬಟ್ಟೆ ಕಳಿಸುತ್ತೇನೆ, ಬಂದು ಕೂರುವುದಿಲ್ಲ. ಹೆತ್ತ ತಾಯಿಯ ಮಣ್ಣಿಗೆ ಬಾರದವನ ಮನೆಯ ಶುಭಕಾರ್ಯದಲ್ಲಿ ಸೋದರತ್ತೆಯ ಜಾಗದಲ್ಲಿ ಮೆರೆಯಲು ನನ್ನಿಂದ ಆಗದು.

ಈಗ ಕೆಲಸದ ಮಾತು. ನನಗೊಂದು ಬ್ಲಾಗ್ ಬೇಕು.

ನಗಬೇಡ. ಹೋದ ವಾರ ನಾವು ಹೆಂಗಸರು ತೊಗಟೆ ಬಡಿಯುವ ಮನೆಯಲ್ಲಿ ಕೂತಿದ್ದಾಗ ಮೇಷ್ಟರ ಹೆಂಡತಿ ತನ್ನ ಫೋನಿನಲ್ಲಿ ಒಂದು ಬ್ಲಾಗ್ ತೋರಿಸಿದಳು. ತೊಗಟೆ ಬಟ್ಟೆ ಮಾಡುವ ಬಗೆಯಂತೆ. ಬರೆದವಳು ಯಾವಳೋ, ತೊಗಟೆಯನ್ನು ನೆನೆಹಾಕದೆ ಒಣಗಿದ್ದನ್ನೇ ಬಡಿಯಿರಿ ಎಂದು ಬರೆದಿದ್ದಾಳೆ! ಅದನ್ನು ಸಾವಿರಾರು ಜನ ಓದಿದ್ದಾರೆ. ಸಾವಿರಾರು ಜನ ಒಣ ತೊಗಟೆಯನ್ನು ಬಡಿದು ಚೂರು ಮಾಡುವುದನ್ನು ನೆನೆದರೆ ನನಗೆ ಅನ್ನ ಇಳಿಯುತ್ತಿಲ್ಲ. ಗೆಳತಿ ಸೆಲುವಾಯಿಯಾ ಅಂದಳು, "ನೀನೇ ಬರಿಯೇ ಮಾರಾಯ್ತಿ. ದಿನಾ ನಮ್ ಕಿವಿ ತಿನ್ನೋದು ತಪ್ಪುತ್ತೆ."

ನೀನು ನನ್ನ ತಮ್ಮನ ಮಗಳು. ನಿನ್ನ ತಲೆಯಲ್ಲಿರುವ ಬಾಚಣಿಗೆ ಕಿತ್ತುಕೊಂಡರೂ ನೀನು ತುಟಿ ಬಿಚ್ಚುವಂತಿಲ್ಲ, ಅದು ನನ್ನ ಹಕ್ಕು. ನನಗೆ ಬಾಚಣಿಗೆ ಬೇಡ. ಬ್ಲಾಗ್ ಮಾಡಿಕೊಡು. ಹೆಸರು: "ಅಕೋಸಿತಾ ಹೇಳಿದ್ದನ್ನು ಕೇಳಿ".

ಅತ್ತೆ


ಆಕ್ಲೆಂಡ್
ಮೇ 9, 2019

ಅತ್ತೆ,

ನಿಮ್ಮ ಪತ್ರ ನೋಡಿ ಬಸ್ಸಿನಲ್ಲಿ ಕೂತವಳು ಎದ್ದು ನಿಂತುಬಿಟ್ಟೆ. ಪಕ್ಕದವರು ನನಗೇನೋ ಆಗಿದೆ ಅಂದುಕೊಂಡರು.

ಬ್ಲಾಗ್ ಮಾಡಿದ್ದೇನೆ. ಹೆಸರು ಮಾತ್ರ ಸ್ವಲ್ಪ ಬದಲಿಸೋಣವೇ? "ಕೇಳಿ" ಎಂದು ಗದರಿಸಿದರೆ ಜನ ಬರುವುದಿಲ್ಲ, ಅವರು ತಾವಾಗಿಯೇ ಬಂದು ಇಣುಕಬೇಕು. "ಕೊಡತಿಯ ಸದ್ದು" ಎಂದಿಟ್ಟಿದ್ದೇನೆ. ನಮ್ಮವರು ಯಾರೇ ಇರಲಿ, ಎಲ್ಲೇ ಇರಲಿ, ಹೆಂಗಸರು ಸಾಲಾಗಿ ಕೂತು ತೊಗಟೆ ಬಡಿಯುವ ಸದ್ದು ಅಂದರೆ ಅವರಿಗೆ ಊರು ನೆನಪಾಗುತ್ತದೆ. ನಾನು ನಾಲ್ಕು ವರ್ಷದವಳಿದ್ದಾಗ ಊರು ಬಿಟ್ಟವಳು, ನನಗೇ ನೆನಪಿದೆ.

ನೀವು ಹೀಗೆ ಮಾಡಿ. ಬರೆದದ್ದನ್ನು ನನಗೆ ಕಳಿಸಿ, ನಾನು ಸರಿಮಾಡಿ ಹಾಕುತ್ತೇನೆ. ಒಂದು ಸಲಕ್ಕೆ ಒಂದೇ ವಿಷಯ. ಚಿಕ್ಕ ಚಿಕ್ಕ ಪ್ಯಾರಾ. ಒಂದು ಫೋಟೊ. ಮುಖ್ಯವಾಗಿ, ಎದುರಿಗೆ ಒಬ್ಬರು ಕೂತಿದ್ದಾರೆ, ಅವರಿಗೆ ಹೇಳುತ್ತಿದ್ದೇನೆ ಎಂದುಕೊಂಡು ಬರೆಯಿರಿ. ಭಾಷಣ ಬೇಡ.

ಮದುವೆಯ ವಿಷಯವಲ್ಲ ಅಂದಿದ್ದೀರಿ, ನಾನೂ ಎತ್ತುವುದಿಲ್ಲ. ಒಂದೇ ಒಂದು ಹೇಳಿಬಿಡುತ್ತೇನೆ. ನವೆಂಬರ್ ಒಂಬತ್ತಕ್ಕೆ ನಿಮ್ಮ ಜಾಗದಲ್ಲಿ ಬೇರೆ ಯಾರನ್ನೂ ಕೂರಿಸುವುದಿಲ್ಲ. ಕುರ್ಚಿ ಖಾಲಿಯೇ ಇರುತ್ತದೆ. ಇಡೀ ಚರ್ಚು ಅದನ್ನು ನೋಡುತ್ತದೆ, ಅಪ್ಪನೂ ನೋಡುತ್ತಾನೆ. ಮುಗಿಯಿತು, ಇನ್ನು ಎತ್ತುವುದಿಲ್ಲ.

ನಿಮ್ಮ ಲತಾಯ್


ವವಾಊ
ಮೇ 20, 2019

ಲತಾಯ್,

ಮೊದಲ ಬರಹ ಇದರ ಜೊತೆಗಿದೆ. ಫೋಟೊದಲ್ಲಿ ಕಾಣುವ ಕಂದು ಗುಡ್ಡ ನನ್ನ ಹೆಬ್ಬೆರಳು. ಅದನ್ನು ಕತ್ತರಿಸಬಹುದೇ? ಹೆಬ್ಬೆರಳನ್ನಲ್ಲ, ಫೋಟೊವನ್ನು.

ನಮ್ಮ ಮನೆಯಲ್ಲಿ ಸಿಗ್ನಲ್ ಬರುವುದಿಲ್ಲ. ದೋಣಿಕಟ್ಟೆಯ ಬಳಿ ಬೋರಲು ಹಾಕಿದ ದೋಣಿಯ ಮೇಲೆ ಕೂತರೆ ಮಾತ್ರ ಬರುತ್ತದೆ. ಮೀನಿನವರೆಲ್ಲ, "ಏನಕ್ಕಾ, ಯಾರಿಗೆ ಪ್ರೇಮಪತ್ರ?" ಅಂತ ರೇಗಿಸುತ್ತಾರೆ. "ನಿಮ್ಮಪ್ಪನಿಗೆ ಕಣೋ" ಅಂತ ಹೇಳಿ ಬಾಯಿ ಮುಚ್ಚಿಸಿದ್ದೇನೆ.

ಎದುರಿಗೆ ಒಬ್ಬರು ಕೂತಿದ್ದಾರೆಂದು ಬರೆಯಿರಿ ಅಂದೆಯಲ್ಲ. ಅಮ್ಮ ಕೂತಿದ್ದಾಳೆ ಅಂದುಕೊಂಡು ಬರೆದೆ. ಸಂಜೆ ಹೊತ್ತು ನಾನು ಊರ ಸುದ್ದಿಯನ್ನೆಲ್ಲ ತಂದು ಅಮ್ಮನ ಮುಂದೆ ಸುರಿಯುತ್ತಿದ್ದೆ, ಅವಳು ಹಲ್ಲಿಲ್ಲದ ಬಾಯಲ್ಲಿ ನಗುತ್ತಿದ್ದಳು. ಅವಳು ಹೋದ ಮೇಲೆ ಮನೆಗೆ ತಂದ ಸುದ್ದಿಯೆಲ್ಲ ಹಾಗೇ ಹಳಸುತ್ತಿದೆ.

ಇದನ್ನು ಬ್ಲಾಗಿಗೆ ಹಾಕಬೇಡ. ಎಷ್ಟು ಜನ ಓದಿದರೆಂದು ತಿಳಿಸು.

ಅತ್ತೆ


ಆಕ್ಲೆಂಡ್
ಮೇ 24, 2019

ಅತ್ತೆ,

ಬರಹ ಎಷ್ಟು ಚೆನ್ನಾಗಿದೆ! ತೊಗಟೆಯನ್ನು ನೆನೆಹಾಕುವುದೆಂದರೆ ಮುನಿದ ಗಂಡನನ್ನು ಮಾತಿಗೆ ಎಳೆಯುವ ಹಾಗೆ, ಆತುರಪಟ್ಟರೆ ಸಿಡಿಯುತ್ತದೆ ಎಂದು ಬರೆದಿದ್ದೀರಲ್ಲ, ಹಾಲೋತಿ ಅದನ್ನು ಓದಿ ನನ್ನ ಕಡೆ ನೋಡಿ ನಕ್ಕ. ಮದುವೆಗೆ ಮುಂಚೆಯೇ ಇಷ್ಟು ಧೈರ್ಯ.

ಈವರೆಗೆ ಓದಿದವರು ಮೂವರು. ನೀವು, ನಾನು, ಹಾಲೋತಿ. ಬೇಸರ ಮಾಡಿಕೊಳ್ಳಬೇಡಿ, ಎಲ್ಲರಿಗೂ ಮೊದಲು ಇಷ್ಟೇ. ಕೇಳಿಸಿಕೊಂಡವರನ್ನು ಈ ಯಂತ್ರ ಎಣಿಸುವುದಿಲ್ಲ.

ಇನ್ನು ಮೇಲೆ ಹೀಗೆ ಮಾಡೋಣ. ವಾರಕ್ಕೊಮ್ಮೆ, ಒಂದೇ ದಿನ, ತಪ್ಪದೆ ಹಾಕೋಣ. ಆಗ ಜನ ಕಾಯುತ್ತಾರೆ. ಇಲ್ಲಿನ ನಮ್ಮ ಚರ್ಚುಗಳ ಹೆಂಗಸರ ಗುಂಪುಗಳಿಗೆ ನಾನು ಲಿಂಕ್ ಕಳಿಸುತ್ತೇನೆ. ಯಾರಾದರೂ ಕೆಳಗೆ ಏನಾದರೂ ಬರೆದರೆ ನೀವು ಉತ್ತರ ಕೊಡಬೇಕು. ಮನೆ ಬಾಗಿಲಿಗೆ ಬಂದವರನ್ನು ಮಾತಾಡಿಸದೆ ಕಳಿಸುತ್ತೀರಾ? ಇದೂ ಹಾಗೇ.

ಲತಾಯ್


ವವಾಊ
ಜೂನ್ 17, 2019

ಲತಾಯ್,

ನಿನಗೆ ಬುದ್ಧಿ ಇದೆಯೇ? ನನ್ನ ಮಾನ ಹರಾಜಾಗಿದೆ.

ಶನಿವಾರ ರಾತ್ರಿ ಹಾಕುತ್ತೇನೆ, ಜನ ಪುರುಸೊತ್ತಾಗಿ ಓದುತ್ತಾರೆ ಅಂದೆ. ಸರಿ ಅಂದೆ ನಾನು. ನಿನ್ನ ಆಕ್ಲೆಂಡಿನ ಶನಿವಾರ ರಾತ್ರಿ ಮುಗಿಯುವ ಹೊತ್ತಿಗೆ ಇಲ್ಲಿ ಭಾನುವಾರ ಹುಟ್ಟಿರುತ್ತದೆ ಎಂಬ ಜ್ಞಾನ ಬೇಡವೇ? ಭಾನುವಾರ ನಾವು ಈಜುವುದಿಲ್ಲ, ಮೀನು ಹಿಡಿಯುವುದಿಲ್ಲ, ಅಂಗಡಿ ತೆಗೆಯುವುದಿಲ್ಲ, ವಿಮಾನವೂ ಹಾರುವುದಿಲ್ಲ. ಅಕೋಸಿತಾ ಮಾತ್ರ ಭಾನುವಾರ ಬೆಳಗಾಗುವ ಮುಂಚೆ ಕೊಡತಿ ಬಡಿದಿದ್ದಾಳೆ!

ಚರ್ಚಿನ ಬಾಗಿಲಲ್ಲೇ ಪಾದ್ರಿಯ ಹೆಂಡತಿ ನನ್ನನ್ನು ಹಿಡಿದಳು. "ಅಕೋಸಿತಾ, ಇವತ್ತು ಬ್ಲಾಗ್ ಹಾಕಿದೀರಲ್ಲ, ದೇವ್ರು ಮೆಚ್ತಾನಾ?" ಅಂದಳು. ನಾನೂ ಬಿಡಲಿಲ್ಲ. "ಹಾಕಿದ್ದು ನನ್ನ ಸೊಸೆ, ಅವಳ ಊರಲ್ಲಿ ಆಗಿನ್ನೂ ಶನಿವಾರ. ನೀವು ಓದಿದ್ದು ಮಾತ್ರ ನಮ್ಮೂರಿನ ಭಾನುವಾರ ಬೆಳಿಗ್ಗೆ. ದೇವ್ರು ನಿಮ್ಮನ್ನ ಮೆಚ್ತಾನಾ?" ಅಂದೆ. ಸೆಲುವಾಯಿಯಾ ಹಾಡಿನ ಪುಸ್ತಕದಲ್ಲಿ ಮುಖ ಹುದುಗಿಸಿಕೊಂಡು ಪ್ರಾರ್ಥನೆಯ ಉದ್ದಕ್ಕೂ ನಕ್ಕಳು.

ಇನ್ನು ಮೇಲೆ ಮಂಗಳವಾರ. ಇದು ಆಜ್ಞೆ.

ಅತ್ತೆ


ಆಕ್ಲೆಂಡ್
ಜೂನ್ 18, 2019

ಅತ್ತೆ,

ತಪ್ಪಾಯಿತು, ತಪ್ಪಾಯಿತು. ಇನ್ನು ಮಂಗಳವಾರವೇ.

ಆದರೆ ಒಂದು ಖುಷಿಯ ಸುದ್ದಿ. ಭಾನುವಾರದ ಆ ಗಲಾಟೆ ಇಲ್ಲಿಗೂ ಮುಟ್ಟಿದೆ. ನಮ್ಮ ಚರ್ಚಿನ ಹೆಂಗಸರೆಲ್ಲ ಏನಪ್ಪಾ ಅದು ಎಂದು ಹುಡುಕಿ ಹುಡುಕಿ ಓದಿದ್ದಾರೆ. ಓದುಗರು ಇನ್ನೂರು ದಾಟಿದರು! ಸಿಡ್ನಿಯಿಂದ ಒಬ್ಬಾಕೆ, "ನಮ್ಮಜ್ಜಿ ಬೈದಂಗಿದೆ, ಇನ್ನಷ್ಟು ಬೈಯಿರಿ" ಎಂದು ಬರೆದಿದ್ದಾಳೆ.

ನನಗೆ ಒಂದು ತೋಚಿತು. ತೊಗಟೆಯ ಬಗ್ಗೆ ಓದಲು ಬಂದವರು ನಿಮ್ಮ ಮಾತಿಗಾಗಿ ಉಳಿಯುತ್ತಿದ್ದಾರೆ. ಹಾಗಾಗಿ ನಿಮ್ಮ ಹರೆಯದ ಕಥೆ ಬರೆಯಿರಿ. ಮಾವ ನಿಮ್ಮನ್ನು ಹೇಗೆ ಮೆಚ್ಚಿಸಿದರು? ಇಲ್ಲಿನ ಹುಡುಗಿಯರಿಗೆ ಅದೆಲ್ಲ ಗೊತ್ತೇ ಇಲ್ಲ. ನಾಚಿಕೊಳ್ಳದೆ ಬರೆಯಿರಿ.

ಲತಾಯ್


ವವಾಊ
ಜುಲೈ 8, 2019

ಲತಾಯ್,

ನಾಚಿಕೊಳ್ಳದೆ ಬರೆ ಅಂದೆಯಲ್ಲ, ಬರೆದಿದ್ದೇನೆ. ನನ್ನ ವಯಸ್ಸಿಗೆ ನಾಚಿಕೆ ಮಂಡಿನೋವಿನ ಜೊತೆ ಜಗಳವಾಡಿ ಮನೆ ಬಿಟ್ಟು ಹೋಗಿದೆ.

ಇದು ನಿನ್ನ ಮಾವ ಉಯಿಸೆಲೆಯ ಕಥೆ. ಆ ಸಂಜೆ ಊರ ಹುಡುಗರೆಲ್ಲ ಸುತ್ತ ಕೂತು ಹಾಡುತ್ತಿದ್ದರು, ನಾನು ನಡುವೆ ಕೂತು ಕಾವಾ ಬೇರಿನ ಪುಡಿಯನ್ನು ನೀರಿನಲ್ಲಿ ಕಲಸಿ ತೆಂಗಿನ ಚಿಪ್ಪಿನಲ್ಲಿ ಕೊಡುತ್ತಿದ್ದೆ. ಉಯಿಸೆಲೆ ಚಿಪ್ಪು ತೆಗೆದುಕೊಳ್ಳುವ ನೆಪದಲ್ಲಿ ನನ್ನ ಬೆರಳು ಹಿಡಿದವನು ಬಿಡಲೇ ಇಲ್ಲ. ಕಾವಾ ಅಷ್ಟೂ ನನ್ನ ಮಡಿಲಿಗೆ ಚೆಲ್ಲಿತು. ಆಮೇಲೆ ಬ್ರೆಡ್‌ಫ್ರೂಟ್ ಮರದ ಹಿಂದೆ ಏನು ಹೇಳಿದ, ನನ್ನ ಸೊಂಟದ ಬಗ್ಗೆ ಯಾವ ಹಾಡು ಕಟ್ಟಿದ, ನಾನು ಅವನ ಕಿವಿ ಯಾಕೆ ಕಚ್ಚಿದೆ, ಎಲ್ಲವನ್ನೂ ಬರೆದಿದ್ದೇನೆ. ಬಡಿಯುವ ಮನೆಯಲ್ಲಿ ಓದಿ ಹೇಳಿದೆ. ಕೊಡತಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬಳಂತೂ ಅತ್ತಳು, ಅವಳ ಗಂಡ ಹೋದ ವರ್ಷ ತೀರಿಕೊಂಡಿದ್ದ.

ಬರೆಯುತ್ತ ಬರೆಯುತ್ತ ನನಗೆ ಬಹಳ ದಿನದ ಮೇಲೆ ಸುಖವಾಗಿ ನಿದ್ದೆ ಬಂತು. ಇದನ್ನು ನಿನಗೆ ಹೇಳಬೇಕೆನಿಸಿತು.

ಅತ್ತೆ


ಆಕ್ಲೆಂಡ್
ಜುಲೈ 20, 2019

ಅತ್ತೆ, ಅತ್ತೆ, ಅತ್ತೆ!

ಮೂರು ಸಾವಿರ ಜನ! ಸಾಲ್ಟ್ ಲೇಕ್ ಸಿಟಿಯಿಂದ, ಬ್ರಿಸ್ಬೇನಿನಿಂದ, ಹವಾಯಿಯಿಂದ. ಕಿವಿ ಕಚ್ಚಿದ ಜಾಗವನ್ನು ಹುಡುಗಿಯರು ಒಬ್ಬರಿಗೊಬ್ಬರು ಕಳಿಸಿಕೊಳ್ಳುತ್ತಿದ್ದಾರೆ. ಉತ್ತರ ಕೊಟ್ಟು ಕೊಟ್ಟು ನಿಮ್ಮ ಬೆರಳು ನೋಯಲಿಲ್ಲವೇ?

ಈಗ ಒಂದು ಗುಟ್ಟು ಹೇಳುತ್ತೇನೆ. ಇಷ್ಟು ದಿನ ಮುಚ್ಚಿಟ್ಟಿದ್ದೆ, ಇನ್ನು ತಡೆಯಲು ಆಗುತ್ತಿಲ್ಲ. ಮೊದಲ ಬರಹದಿಂದಲೂ ಅಪ್ಪ ಕೇಳುತ್ತಿದ್ದಾನೆ! ಮಂಗಳವಾರ ಸಂಜೆ ಕೋಳಿ ಕಾರ್ಖಾನೆಯಿಂದ ಬಂದವನೇ ಕೈ ತೊಳೆದು, ಕೆಸುವಿನ ಗೆಡ್ಡೆ ಸುಲಿಯುತ್ತ ಕೂರುತ್ತಾನೆ. "ಬಂತಾ?" ಅಂತ ಕೇಳುತ್ತಾನೆ. ಯಾರದ್ದು, ಏನು ಅಂತ ಕೇಳುವುದಿಲ್ಲ. ನಾನು ಗಟ್ಟಿಯಾಗಿ ಓದುತ್ತೇನೆ. ಎಲ್ಲವನ್ನೂ ಓದಿದ್ದೇನೆ, ಮಾವನ ಕಥೆಯನ್ನೂ.

ನಿಮ್ಮಿಬ್ಬರ ನಡುವೆ ನಾಲ್ಕು ವರ್ಷದಿಂದ ಒಂದು ಮಾತಿಲ್ಲ, ಆದರೆ ನಿಮ್ಮ ಮಾತು ವಾರಕ್ಕೊಮ್ಮೆ ನಮ್ಮ ಅಡುಗೆಮನೆಗೆ ಬರುತ್ತಿದೆ. ನಿಮಗೆ ಸಂತೋಷವಾಗುತ್ತದೆಂದು ಗೊತ್ತು.

ಲತಾಯ್


ವವಾಊ
ಜುಲೈ 22, 2019

ಲತಾಯ್,

ತೆಗೆದುಹಾಕು. ಇವತ್ತೇ. ಒಂದನ್ನೂ ಉಳಿಸಬೇಡ.

ನಾನು ಲೋಕಕ್ಕೆ ಹೇಳಿದ್ದೆ, ತಮ್ಮನಿಗೆ ಹೇಳಿರಲಿಲ್ಲ. ನನ್ನ ಸೊಂಟದ ಹಾಡನ್ನು ಅವನ ಮುಂದೆ ನೀನು ಬಾಯಿಬಿಟ್ಟು ಓದಿದೆಯಾ? ನಾನು ಇನ್ನು ಅವನಿಗೆ ಹೇಗೆ ಮುಖ ತೋರಿಸಲಿ? ಅವನ ಮದುವೆಮನೆಗೆ ಬರುವುದಿಲ್ಲ ಎಂದಿದ್ದೆ. ಈಗ ಬರಬೇಕೆಂದರೂ ಬರಲಾರೆ.

ಮತ್ತೆ ಬರೆಯಬೇಡ.


ಆಕ್ಲೆಂಡ್
ಆಗಸ್ಟ್ 3, 2019

ಅತ್ತೆ,

ಬ್ಲಾಗ್ ಮುಚ್ಚಿದ್ದೇನೆ. ಬರೆಯಬೇಡ ಅಂದಿದ್ದೀರಿ, ಆದರೂ ಬರೆಯುತ್ತಿದ್ದೇನೆ. ಬೈಯಲಿಕ್ಕಾದರೂ ಉತ್ತರ ಕೊಡಿ.

ಹಾಲೋತಿಯ ಅಮ್ಮನನ್ನು ಕೇಳಿದೆ. ಅವರು ಹಣೆ ಚಚ್ಚಿಕೊಂಡರು. "ಅಕ್ಕ-ತಮ್ಮನ ಮುಂದೆ ಅಂಥ ಮಾತು ಎತ್ತಬಾರ್ದು ಕಣೆ. ಅಕ್ಕ ಕೂತ್ಕಡೆ ತಮ್ಮ ಸಿನಿಮಾನೂ ನೋಡಲ್ಲ. ಯಾರೂ ಹೇಳಿಕೊಟ್ಟಿಲ್ವಾ ನಿಂಗೆ?" ಅಂದರು. ಯಾರು ಹೇಳಿಕೊಡಬೇಕಿತ್ತು ಅತ್ತೆ? ಅಮ್ಮ ನನಗೆ ಆರು ವರ್ಷವಿದ್ದಾಗ ಹೋದಳು. ನನಗೆ ಅಣ್ಣ ಇಲ್ಲ, ತಮ್ಮ ಇಲ್ಲ. ಅಪ್ಪ ಇಂಥದ್ದನ್ನು ಬಾಯಿಬಿಟ್ಟು ಹೇಳುವವನಲ್ಲ.

ನಿಮ್ಮಿಬ್ಬರನ್ನು ಹತ್ತಿರ ತರಬೇಕೆಂದು ಹೊರಟವಳು ಇದ್ದ ದಾರಿಯನ್ನೂ ಕಡಿದುಹಾಕಿದೆ. ಬ್ಲಾಗ್ ಮಾಡಿಕೊಟ್ಟದ್ದು ನಿಮ್ಮ ಆಜ್ಞೆಗೆ ಹೆದರಿ ಅಲ್ಲ. ನೀವು ಬರೆಯುತ್ತಿದ್ದರೆ, ಅಪ್ಪ ಕೇಳುತ್ತಿದ್ದರೆ, ನವೆಂಬರಿನ ಹೊತ್ತಿಗೆ ಆ ಕುರ್ಚಿ ತುಂಬೀತು ಎಂದು. ಅದಕ್ಕಾಗಿ ಮಾಡಿದ್ದು.

ಲತಾಯ್


ಆಕ್ಲೆಂಡ್
ಆಗಸ್ಟ್ 29, 2019

ಅತ್ತೆ,

ಮಂಗಳವಾರ ಬಂದರೆ ಅಪ್ಪ ಈಗಲೂ ಕೈ ತೊಳೆದು ಬಂದು ಕೂರುತ್ತಾನೆ. "ಬಂತಾ?" ಅಂತಾನೆ. ಇಲ್ಲ ಅಂದರೆ ಗೆಡ್ಡೆ ಸುಲಿದು ಮುಗಿಸಿ ಎದ್ದು ಹೋಗುತ್ತಾನೆ. ಆರು ಮಂಗಳವಾರದಿಂದ ಹೀಗೇ ನಡೆದಿದೆ.

ಒಂದು ವಿಷಯ ನಿಮಗೆ ಹೇಳಿರಲಿಲ್ಲ. ಹೇಳಿದರೆ ನೊಂದುಕೊಳ್ಳುತ್ತೀರಿ ಎಂದು ಬಿಟ್ಟಿದ್ದೆ. ನಾನು ಓದುವಾಗ ಅಪ್ಪ ಪೂರ್ತಿ ಕೂತು ಕೇಳುತ್ತಿರಲಿಲ್ಲ. ಮೊದಲ ಬರಹದಲ್ಲಿ ಗಂಡ ಹೆಂಡತಿಯ ಮಾತು ಬಂತಲ್ಲ, ಅಲ್ಲಿ ಚಾಕು ಕೆಳಗಿಟ್ಟು ಎದ್ದು ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಬಂದು, "ಆ ಜಾಗ ಮುಗೀತಾ?" ಅಂದ. ಮುಂದೆ ಓದಿದೆ. ಮಾವನ ಕಥೆಯ ದಿನವಂತೂ ಚಿಪ್ಪು ಕೊಡುವಾಗ ಎನ್ನುವಷ್ಟರಲ್ಲಿ ಎದ್ದ. "ಟೊಮೇಟೊ ಗಿಡಕ್ಕೆ ನೀರು ಹಾಕ್ಬೇಕು" ಅಂದ. ಹೊರಗೆ ಜಡಿಮಳೆ ಸುರಿಯುತ್ತಿತ್ತು, ಅತ್ತೆ! ಆ ಮಳೆಯಲ್ಲಿ ಕೊಡ ಹಿಡಿದು ನಿಂತಿದ್ದ. ನಾನು ಹಟದಿಂದ ಒಬ್ಬಳೇ ಗಟ್ಟಿಯಾಗಿ ಓದಿ ಮುಗಿಸಿದೆ. ಒದ್ದೆಯಾಗಿ ಒಳಗೆ ಬಂದವನು ಕೊನೆಯ ಪ್ಯಾರಾ ಮಾತ್ರ ಕೇಳಿದ. ಅದೇ, ಮಾವ ತೀರಿಕೊಂಡ ಮೇಲೆ ನೀವು ಅವರ ಅಂಗಿಯನ್ನು ತಲೆದಿಂಬಿಗೆ ಹೊದಿಸಿದ್ದು.

ನಿಮ್ಮ ಮೇಲಿನ ಕೋಪಕ್ಕೆ ಎದ್ದು ಹೋಗುತ್ತಾನೆ ಅಂದುಕೊಂಡಿದ್ದೆ. ಆದರೆ ಕೋಪ ಇದ್ದವನು ಮುಂದಿನ ಮಂಗಳವಾರ ಮತ್ತೆ ಯಾಕೆ ಕೇಳುತ್ತಾನೆ? ನನಗೆ ತಿಳಿಯುತ್ತಿಲ್ಲ. ನಿಮಗೆ ತಿಳಿದರೆ ಹೇಳಿ.

ಲತಾಯ್


ವವಾಊ
ಸೆಪ್ಟೆಂಬರ್ 4, 2019

ಅಯ್ಯೋ ಹುಚ್ಚು ಹುಡುಗಿ,

ಇದನ್ನು ಮೊದಲೇ ಹೇಳಲು ನಿನಗೆ ಏನಾಗಿತ್ತು? ಒಂದೂವರೆ ತಿಂಗಳು ನಾನು ದೋಣಿಕಟ್ಟೆಯ ಕಡೆ ತಲೆ ಹಾಕಿಲ್ಲ. ನನ್ನ ಫೋನ್ ಹಿಡಿದು ಅಲ್ಲಿಗೆ ಹೋಗಿದ್ದ ಸೆಲುವಾಯಿಯಾ ನಿನ್ನ ಪತ್ರ ತೆಗೆದುಕೊಂಡು ಮನೆಗೆ ಓಡಿ ಬಂದಳು.

ಅದು ಕೋಪವಲ್ಲ ಕಣೆ. ತಮ್ಮನಾದವನು ಮಾಡಬೇಕಾದ್ದೇ ಅದು. ಅಕ್ಕನ ಬಗ್ಗೆ ಅಂಥ ಮಾತು ಬಂದರೆ ಎದ್ದು ಹೋಗಬೇಕು. ಯಾಕೆ ಎಂದು ಹೇಳಬಾರದು, ಬೇರೆ ಏನಾದರೂ ನೆಪ ಹೇಳಬೇಕು. ಮುಗಿದ ಮೇಲೆ ಏನೂ ಕೇಳಿಲ್ಲದವನ ಹಾಗೆ ಬಂದು ಕೂರಬೇಕು. ನಾನು ಕಾವಾ ಕಲಸಲು ಕೂತ ಸಂಜೆಯೂ ನಿನ್ನ ಅಪ್ಪ ಕಿತಿಯೋನೆ ಹಾಗೇ ಎದ್ದು ಹೋಗಿದ್ದ, ಹಗ್ಗ ಬಿಗಿಯಬೇಕು, ದೋಣಿ ತೇಲಿ ಹೋದೀತು ಅಂತ. ಅವನು ಎದ್ದ ಜಾಗದಲ್ಲೇ ಉಯಿಸೆಲೆ ಬಂದು ಕೂತದ್ದು. ನೋಡಿ ಆಡಿಕೊಳ್ಳುವವರು ಯಾರೂ ಇಲ್ಲದ ನಿಮ್ಮ ಅಡುಗೆಮನೆಯಲ್ಲಿ, ಸಮುದ್ರದಾಚೆ ಇರುವ ಅಕ್ಕನಿಗಾಗಿ, ನಿನ್ನ ಅಪ್ಪ ಮಳೆಯಲ್ಲಿ ನೆನೆದಿದ್ದಾನೆ. ಟೊಮೇಟೊಗೆ ನೀರಂತೆ! ನಗು ತಡೆಯಲಾರದೆ ಅತ್ತುಬಿಟ್ಟೆ.

ಬ್ಲಾಗ್ ಮತ್ತೆ ತೆರೆ. ಎಲ್ಲೆಲ್ಲಿ ಅಂಥ ಮಾತು ಬರುತ್ತದೋ ಅದಕ್ಕೆ ಮುಂಚೆ ಒಂದು ಸಾಲು ಹಾಕು: "ತಮ್ಮಂದಿರು, ಅಣ್ಣಂದಿರು ಇಲ್ಲಿ ಎದ್ದು ಹೋಗಬೇಕು." ಮುಗಿದ ಮೇಲೆ: "ಈಗ ಬರಬಹುದು." ಬಡಿಯುವ ಮನೆಯಲ್ಲಿ ಎಲ್ಲರೂ ಇದನ್ನು ಒಪ್ಪಿದ್ದಾರೆ.

ಆದರೆ ಲತಾಯ್, ಇಷ್ಟು ಮರ್ಯಾದೆ ಗೊತ್ತಿರುವವನು ಅಮ್ಮನ ಮಣ್ಣಿಗೆ ಯಾಕೆ ಬರಲಿಲ್ಲ? ಕೆಲಸದಲ್ಲಿ ರಜೆ ಸಿಗಲಿಲ್ಲ ಎಂದು ಹೇಳಿ ಕಳಿಸಿದ. ಕೋಳಿ ಕಾರ್ಖಾನೆಯ ರಜೆ! ಹೋದ ವರ್ಷ ಚರ್ಚಿನ ಹಾಡಿನ ತಂಡದ ಜೊತೆ ಆಕ್ಲೆಂಡಿಗೆ ಬಂದಾಗ ನಿಮ್ಮ ಬೀದಿಯಲ್ಲೇ ಹಾದು ಹೋದೆ. ಇಳಿಯಲಿಲ್ಲ. ಈ ಒಂದು ಮುಳ್ಳು ಇರುವತನಕ ಆ ಕುರ್ಚಿಯಲ್ಲಿ ಹೇಗೆ ಕೂರಲಿ, ನೀನೇ ಹೇಳು.

ಅತ್ತೆ


ಆಕ್ಲೆಂಡ್
ಸೆಪ್ಟೆಂಬರ್ 14, 2019

ಅತ್ತೆ,

ಬ್ಲಾಗ್ ತೆರೆದಿದ್ದೇನೆ. "ತಮ್ಮಂದಿರು ಎದ್ದು ಹೋಗಬೇಕು" ಎಂಬ ಸಾಲಿಗೆ ಜನ ಬಿದ್ದು ಬಿದ್ದು ನಗುತ್ತಿದ್ದಾರೆ. ಸಿಡ್ನಿಯ ಒಬ್ಬಾತ, "ನಾನು ಅಂಗಳಕ್ಕೆ ಹೋಗಿ ಬಂದೆ, ಅಕ್ಕ ಇನ್ನೂ ಓದ್ತಾನೇ ಇದ್ಳು" ಎಂದು ಬರೆದಿದ್ದಾನೆ. ಅಪ್ಪನಿಗೂ ಸಲೀಸಾಯಿತು, ಈಗ ಯಾವಾಗ ಏಳಬೇಕೆಂದು ಮೊದಲೇ ತಿಳಿಯುತ್ತದೆ.

ನೀವು ಕೇಳಿದ್ದಕ್ಕೆ ಉತ್ತರ ಕೊಡಬಾರದೆಂದು ಅಪ್ಪ ನನ್ನಿಂದ ಮಾತು ತೆಗೆದುಕೊಂಡಿದ್ದ. ಮುರಿಯುತ್ತಿದ್ದೇನೆ. ಹತ್ತು ದಿನ ಯೋಚಿಸಿ ಮುರಿಯುತ್ತಿದ್ದೇನೆ.

ಅಜ್ಜಿ ತೀರಿಕೊಂಡಾಗ ನಮ್ಮಿಬ್ಬರಿಗೂ ಇಲ್ಲಿ ಇರಲು ಕಾಗದ ಇರಲಿಲ್ಲ. ಬಂದಾಗ ಕೊಟ್ಟ ವೀಸಾ ಯಾವಾಗಲೋ ಮುಗಿದಿತ್ತು. ಪೊಲೀಸರ ಕಾರು ಬೀದಿಗೆ ಬಂದರೆ ನಾವು ದೀಪ ಆರಿಸಿ ಕೂರುತ್ತಿದ್ದೆವು. ಊರಿಗೆ ಬಂದಿದ್ದರೆ ಅಪ್ಪನನ್ನು ಮತ್ತೆ ಒಳಗೆ ಬಿಡುತ್ತಿರಲಿಲ್ಲ. ನಾನು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದೆ, ನನ್ನನ್ನು ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಕಾರ್ಖಾನೆಯಲ್ಲಿ ರಜೆ ಇತ್ತು, ಅತ್ತೆ. ಅಪ್ಪ ಆ ಮೂರು ದಿನ ಕೆಲಸಕ್ಕೆ ಹೋಗಲೇ ಇಲ್ಲ. ನಮ್ಮಲ್ಲಿ ಸಾವಿಗೆ ಮಾಡುವಂತೆ ಸೊಂಟಕ್ಕೆ ಹರಿದ ಚಾಪೆ ಸುತ್ತಿಕೊಂಡು, ಕರಿ ಬಟ್ಟೆ ಹಾಕಿಕೊಂಡು, ಪರದೆ ಎಳೆದ ಕೋಣೆಯಲ್ಲಿ ಕೂತಿದ್ದ. ಬಾಗಿಲು ತಟ್ಟಿದರೆ ಉಸಿರು ಬಿಗಿಹಿಡಿಯುತ್ತಿದ್ದ. ಸದ್ದು ಹೊರಗೆ ಹೋದೀತೆಂದು ಅಳಲಿಲ್ಲ.

"ಅತ್ತೆಗೆ ಹೇಳಪ್ಪಾ" ಅಂದೆ. "ಕಳ್ಳನ ಹಾಗೆ ಬಚ್ಚಿಟ್ಕೊಂಡು ಕೂತಿದೀನಿ ಅಂತ ಅಕ್ಕಂಗೆ ಹೇಳ್ಲಾ? ಬೇಡ. ಕಲ್ಲೆದೆಯವನು ಅಂದ್ಕೊಂಡ್ರೆ ಅಂದ್ಕೊಳ್ಲಿ" ಅಂದ. ಕಾಗದ ಬಂದದ್ದು ಎರಡು ವರ್ಷದ ಹಿಂದೆ. ಬಂದ ಮೇಲೆ, "ಈಗ ಯಾವ ಮುಖ ಹೊತ್ಕೊಂಡು ಹೋಗ್ಲಿ" ಅಂತ ಸುಮ್ಮನಾದ.

ನನ್ನನ್ನು ಬೈಯಿರಿ. ಅಪ್ಪನನ್ನು ಬೈಯಬೇಡಿ.

ಲತಾಯ್


ಆಕ್ಲೆಂಡ್
ಅಕ್ಟೋಬರ್ 12, 2019

ಅತ್ತೆ,

ನಾಲ್ಕು ಮಂಗಳವಾರ ಖಾಲಿ ಹೋದವು. ಓದುಗರು ನಿಮಗೆ ಹುಷಾರಿಲ್ಲವೇ ಎಂದು ಕೇಳುತ್ತಿದ್ದಾರೆ. ನಾನೂ ಅದನ್ನೇ ಕೇಳುತ್ತಿದ್ದೇನೆ. ಒಂದು ಸಾಲು ಸಾಕು.

ಲತಾಯ್


ವವಾಊ
ಅಕ್ಟೋಬರ್ 28, 2019

ಲತಾಯ್,

ಹುಷಾರಾಗಿದ್ದೇನೆ. ನಾನು ಬರೆಯುತ್ತಿದ್ದೆ. ಈ ಒಂದನ್ನು ಬರೆಯಲು ಇಷ್ಟು ದಿನ ಹಿಡಿಯಿತು. ನಿನಗೆ ಕಳಿಸಲಿಲ್ಲ, ನಿನ್ನನ್ನು ಕೇಳಲಿಲ್ಲ. ಇವತ್ತು ದೋಣಿಯ ಮೇಲೆ ಕೂತು ನಾನೇ ಬ್ಲಾಗಿಗೆ ಹಾಕಿದೆ. ಪ್ಯಾರಾಗಳು ಉದ್ದವಾಗಿವೆ, ಫೋಟೊ ಇಲ್ಲ. ನೀನು ಹೇಳಿಕೊಟ್ಟ ಯಾವ ನಿಯಮವನ್ನೂ ಪಾಲಿಸಿಲ್ಲ. ಒಂದನ್ನು ಬಿಟ್ಟು: ಎದುರಿಗೆ ಒಬ್ಬರು ಕೂತಿದ್ದಾರೆಂದು ಬರೆದಿದ್ದೇನೆ. ಈ ಸಲ ಅದು ಅಮ್ಮನಲ್ಲ.

ಅದರಲ್ಲಿ ಅಮ್ಮನ ಕೊನೆಯ ವಾರ ಇದೆ. ಏನು ತಿಂದಳು, ಯಾವ ಹಾಡು ಹಾಡಿಸಿಕೊಂಡಳು, ಯಾರನ್ನು ಯಾರೆಂದು ತಪ್ಪಾಗಿ ಕರೆದಳು. ಅವಳಿಗೆ ಯಾವ ಚಾಪೆ ಹಾಸಿದೆವು, ಮಣ್ಣು ಮಾಡುವಾಗ ಬಿಸಿಲಿತ್ತೋ ಮಳೆಯಿತ್ತೋ, ಹೊಂಡದ ಅಂಚಿನಲ್ಲಿ ಯಾರು ನಿಂತಿದ್ದರು. ಅಲ್ಲಿ ಇಲ್ಲದವನು ತಿಳಿಯಬೇಕಾದ್ದೆಲ್ಲ ಇದೆ. ಮಂಗಳವಾರ ಸಂಜೆ ಅವನಿಗೆ ಓದು, ಮೆಲ್ಲಗೆ ಓದು. ತಮ್ಮನಾದವನು ಎದ್ದು ಹೋಗುವ ಜಾಗ ಅದರಲ್ಲಿ ಒಂದೂ ಇಲ್ಲ. ಹುಡುಕಿ ಹುಡುಕಿ ತೆಗೆದಿದ್ದೇನೆ. ಅವನು ಕೊನೆಯತನಕ ಕೂತು ಕೇಳಬಹುದು.

ಗುರುವಾರದ ವಿಮಾನಕ್ಕೆ ಬರುತ್ತಿದ್ದೇನೆ. ಹಾಡಿನ ತಂಡದ ಜೊತೆ ಹೋದಾಗ ಕೊಟ್ಟ ವೀಸಾ ಇನ್ನೂ ಇದೆ. ಚಾಪೆಗಳ ಕಟ್ಟು ಭಾರವಾಗಿದೆ, ಹೊರಲು ಹಾಲೋತಿ ಬರಲಿ. ನಿನ್ನ ಅಪ್ಪನಿಗೆ ವಿಮಾನ ನಿಲ್ದಾಣಕ್ಕೆ ಬರಬೇಡ ಎಂದು ಹೇಳು. ಅಷ್ಟು ಜನರ ನಡುವೆ ಬೇಡ. ಮನೆಯಲ್ಲಿರಲಿ. ಪರದೆಯನ್ನೆಲ್ಲ ಸರಿಸಿ, ಬಾಗಿಲು ಕಿಟಕಿ ಪೂರ್ತಿ ತೆರೆದಿಡಲಿ, ಅಕ್ಕಪಕ್ಕದವರಿಗೆ ಕೇಳಿಸಿದರೆ ಕೇಳಿಸಲಿ. ಆ ಮೂರು ದಿನ ಅವನು ಅಳದೆ ಇಟ್ಟುಕೊಂಡದ್ದು ಹಾಗೇ ಬಾಕಿ ಇದೆ. ಅದನ್ನು ಅವನೊಬ್ಬನೇ ಅಳಬಾರದು. ಮೊದಲು ನಾವಿಬ್ಬರೂ ಕೂತು ಅಮ್ಮನಿಗಾಗಿ ಗಟ್ಟಿಯಾಗಿ ಅಳುತ್ತೇವೆ. ಆಮೇಲೆ ನಿನ್ನ ಮದುವೆ.

ಅತ್ತೆ